ವೈದ್ಯನ ಮೈಲಿಗೆ, ರಾಜಕಾರಣದ ಮಡಿ

ಊರಿನಲ್ಲಿ ಮದ್ದು ಕೊಡುತ್ತಿದ್ದ ವೈದ್ಯನೊಬ್ಬ ರಾಜಕಾರಣಕ್ಕೆ ಇಳಿದು ರಾಜ್ಯದ ಅಥವಾ ದೇಶದ ಮಟ್ಟದಲ್ಲಿ ಹೆಸರು ಮಾಡಿದಾಗ, ಅವನ ಕುರಿತ ಅಭಿನಂದನ ಗ್ರಂಥಗಳೂ ಸ್ಮರಣ ಸಂಚಿಕೆಗಳೂ ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತವೆ: ಮೊದಲು ಒಬ್ಬೊಬ್ಬ ರೋಗಿಯ ಸೇವೆ ಮಾಡುತ್ತಿದ್ದವರು ಆಮೇಲೆ ಇಡೀ ಸಮಾಜದ ಸೇವೆಗೆ ನಿಂತರು. ವೈದ್ಯಧರ್ಮವೂ ರಾಜಧರ್ಮವೂ ಒಂದೇ ಜಾತಿಯವು, ಅವುಗಳ ನಡುವಿನ ಅಂತರ ವ್ಯಾಪ್ತಿಯದು ಮಾತ್ರ ಎಂಬ ಗ್ರಹಿಕೆ ಈ ಮಾತಿನ ಹಿಂದಿದೆ. ಈ ಗ್ರಹಿಕೆಯನ್ನು ಭಾರತೀಯ ಧರ್ಮಚಿಂತನೆ ಸುಲಭವಾಗಿ ಒಪ್ಪುವುದಿಲ್ಲ. ಅಷ್ಟೇ ಅಲ್ಲ, ವೈದ್ಯನನ್ನು ಅದು ಎಲ್ಲಿ ಕೂರಿಸಬೇಕೆಂಬ ವಿಷಯದಲ್ಲೇ ತೀರ ಇಬ್ಬಂದಿಗೆ ಸಿಕ್ಕಿಕೊಂಡಿತ್ತು. ಆ ಇಬ್ಬಂದಿಯನ್ನು ಬಿಡಿಸಿ ನೋಡದೆ ವೈದ್ಯನು ರಾಜಕಾರಣಕ್ಕೆ ಬರುವಾಗ ಏನನ್ನು ಜೊತೆಗೆ ತರುತ್ತಾನೆ, ಏನನ್ನು ಹೊಸ್ತಿಲಾಚೆಗೆ ಬಿಟ್ಟು ಬರುತ್ತಾನೆ ಎಂಬುದು ಸ್ಪಷ್ಟವಾಗದು.

ಆ ಇಬ್ಬಂದಿ ಊರ ಗುಡಿಯಿಂದಲೇ ಶುರುವಾಗುತ್ತದೆ. ಕರ್ನಾಟಕದ ಕರಾವಳಿಯ ಬೈಂದೂರು ಸೀಮೆಯ ಕಿರಿಮಂಜೇಶ್ವರದಲ್ಲಿ ಶಿವನಿಗೆ ಅಗಸ್ತ್ಯೇಶ್ವರನೆಂದು ಹೆಸರು. ಅಗಸ್ತ್ಯನನ್ನು ತಮಿಳುನಾಡಿನ ಸಿದ್ಧವೈದ್ಯ ಪರಂಪರೆ, ಎಂದರೆ ಲೋಹ, ಖನಿಜ, ಮೂಲಿಕೆಗಳನ್ನು ಬಳಸುವ ದಕ್ಷಿಣದ ಚಿಕಿತ್ಸಾಪದ್ಧತಿ, ತನ್ನ ಆದ್ಯಗುರುಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ಶಿವಾಲಯಗಳಲ್ಲಿ ಅಭಿಷೇಕದ ಹೊತ್ತಿಗೆ ಪಠಿಸುವ ಶ್ರೀರುದ್ರವು ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯ ನಾಲ್ಕನೆಯ ಕಾಂಡಕ್ಕೆ ಸೇರಿದ್ದು, ಅದು ರುದ್ರನನ್ನು ದೇವತೆಗಳ ಪೈಕಿ ಮೊದಲ ವೈದ್ಯನೆಂದು ಕೊಂಡಾಡುತ್ತದೆ. ಅದೇ ಸ್ತೋತ್ರದಲ್ಲಿ ಅವನು ಬಡಗಿ, ಕುಂಬಾರ, ಬೇಟೆಗಾರ, ನಿಷಾದರ ರೂಪದಲ್ಲೂ ಕಳ್ಳರ ಒಡೆಯನಾಗಿಯೂ ನಮಸ್ಕಾರ ಪಡೆಯುತ್ತಾನೆ. ಆದರೆ ಅದೇ ಸಂಹಿತೆಯ ಆರನೆಯ ಕಾಂಡಕ್ಕೆ ಬಂದರೆ ಧ್ವನಿ ಪೂರ್ತಿ ಬದಲಾಗಿರುತ್ತದೆ. ಅಲ್ಲಿನ ಕಥೆಯ ಪ್ರಕಾರ ಯಜ್ಞದ ಶಿರಸ್ಸು ಕಡಿದುಹೋದಾಗ ದೇವತೆಗಳು ತಮ್ಮ ವೈದ್ಯರಾದ ಅಶ್ವಿನೀದೇವತೆಗಳ ಮೊರೆಹೋಗುತ್ತಾರೆ. ಅವರು ತಲೆಯನ್ನು ಜೋಡಿಸಲು ಒಪ್ಪಿ, ಪ್ರತಿಯಾಗಿ ಸೋಮರಸದ ಪಾತ್ರೆಯಲ್ಲಿ ಪಾಲು ಕೇಳುತ್ತಾರೆ. ಮನುಷ್ಯರ ನಡುವೆ ಓಡಾಡುವ ಈ ವೈದ್ಯರು ಅಶುದ್ಧರೆಂಬ ಆಕ್ಷೇಪ ಏಳುತ್ತದೆ. ಕೊನೆಗೆ ಪವಮಾನ ಸ್ತೋತ್ರದಿಂದ ಅವರನ್ನು ಶುದ್ಧಿಗೊಳಿಸಿ ಪಾಲು ಕೊಡಲಾಗುತ್ತದೆ. ಬ್ರಾಹ್ಮಣನು ವೈದ್ಯವೃತ್ತಿ ಮಾಡಬಾರದು ಎಂಬ ವಿಧಿಯನ್ನು ಸಂಹಿತೆ ಈ ಕಥೆಯಿಂದಲೇ ತೆಗೆಯುತ್ತದೆ. ಮನುಸ್ಮೃತಿ ಇನ್ನೂ ಕಟುವಾಗಿದೆ. ಅದು ವೈದ್ಯನ ಮನೆಯ ಅನ್ನವನ್ನು ಕೀವಿಗೆ ಹೋಲಿಸುತ್ತದೆ. ಶ್ರಾದ್ಧಕ್ಕೆ ಕರೆಯಬಾರದವರ ಸಾಲಿನಲ್ಲಿ ವೈದ್ಯನನ್ನು ಮಾಂಸ ಮಾರುವವನ ಜೊತೆಗೂ, ಗುಡಿಯ ಪೂಜೆಯಿಂದ ಜೀವಿಸುವವನ ಜೊತೆಗೂ ನಿಲ್ಲಿಸುತ್ತದೆ. ಹೆಜ್ಜೆಹೆಜ್ಜೆಗೂ ದೇವಸ್ಥಾನಗಳಿರುವ ಕರಾವಳಿಯಲ್ಲಿ ಈ ಕೊನೆಯ ಮಾತನ್ನು ಯಾರೂ ನೆನಪಿಸಿಕೊಳ್ಳದಿರುವುದು ಸಹಜವೇ.

ಇಲ್ಲಿ ಮೈಲಿಗೆ ಎಂದರೆ ಕೊಳೆಯಲ್ಲ. ಸಂಪರ್ಕದಿಂದ ಬರುವ, ಕರ್ಮಾಧಿಕಾರವನ್ನು ಕಸಿಯುವ ಒಂದು ಸ್ಥಿತಿ. ವೈದ್ಯನ ಅಪರಾಧವೆಂದರೆ ಅವನು ಯಾರನ್ನು ಮುಟ್ಟಬೇಕು, ಯಾರನ್ನು ಮುಟ್ಟಬಾರದು ಎಂಬ ಎಣಿಕೆ ಇಟ್ಟುಕೊಂಡು ಬದುಕಲಾರ ಎಂಬುದೇ. ದೇಬೀಪ್ರಸಾದ ಚಟ್ಟೋಪಾಧ್ಯಾಯರು 1977ರಲ್ಲಿ ಪ್ರಕಟಿಸಿದ, ಪ್ರಾಚೀನ ಭಾರತದ ವಿಜ್ಞಾನ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ, ವೈದ್ಯರ ಮೇಲಿನ ಈ ತಿರಸ್ಕಾರಕ್ಕೆ ಅವರು ಜನಸಾಮಾನ್ಯರೊಡನೆ ಬೆರೆಯುತ್ತಿದ್ದುದೂ ಪ್ರತ್ಯಕ್ಷವನ್ನು ನೆಚ್ಚಿದ್ದುದೂ ಕಾರಣವೆಂದು ವಾದಿಸಿದರು. ಅವರ ವಾದ ಕೆಲವೆಡೆ ಅತಿಗೆ ಹೋಗುತ್ತದಾದರೂ, ಬೆರೆಯುವಿಕೆಯೇ ಮೈಲಿಗೆಯ ಮೂಲ ಎಂಬ ಅವರ ಗುರುತಿಸುವಿಕೆಗೆ ಸಂಹಿತೆಯ ಪಾಠವೇ ಆಧಾರ ಒದಗಿಸುತ್ತದೆ. ಹಾಗಿದ್ದಲ್ಲಿ ವೈದ್ಯನು ಸಾರ್ವಜನಿಕ ಬದುಕಿಗೆ ತರುವ ನಿಜವಾದ ಬಂಡವಾಳ ಅವನ ಶಾಸ್ತ್ರಜ್ಞಾನವಲ್ಲ, ಆ ಮೈಲಿಗೆ.

ಆದರೆ ಪ್ರಾಚೀನ ವೈದ್ಯನು ಎಲ್ಲರನ್ನೂ ಸಮನಾಗಿ ನೋಡುತ್ತಿದ್ದನೆಂದು ಭಾವಿಸಿದರೆ ಅದು ನಮ್ಮ ಕಾಲದ ಆಸೆಯನ್ನು ಹಳೆಯ ಗ್ರಂಥಕ್ಕೆ ಹೊರಿಸಿದಂತಾಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನ ವೈದ್ಯವೃತ್ತಿಯನ್ನು ನಾಲ್ಕು ಭಾವಗಳಾಗಿ ವಿಂಗಡಿಸುತ್ತದೆ: ಎಲ್ಲರಲ್ಲಿ ಮೈತ್ರಿ, ನೋವಿನಲ್ಲಿರುವವರಲ್ಲಿ ಕರುಣೆ, ವಾಸಿಮಾಡಬಹುದಾದ ರೋಗದಲ್ಲಿ ಪ್ರೀತಿ, ಎಂದರೆ ಉತ್ಸಾಹದ ತೊಡಗುವಿಕೆ, ಮತ್ತು ಸಾವಿನತ್ತ ಸಾಗಿದವರಲ್ಲಿ ಉಪೇಕ್ಷೆ. ಈ ಉಪೇಕ್ಷೆ ತಾತ್ಸಾರವಲ್ಲ. ತನ್ನ ಕೈಮೀರಿದ್ದನ್ನು ಕೈಮೀರಿದೆ ಎಂದು ಒಪ್ಪಿಕೊಳ್ಳುವ ಸಮಚಿತ್ತ. ಅದೇ ಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನು ದೀಕ್ಷೆಯ ವೇಳೆ ಸ್ವೀಕರಿಸಬೇಕಾದ ನಿಯಮಗಳಿವೆ, ಅಲ್ಲಿ ರಾಜನನ್ನು ದ್ವೇಷಿಸುವವರಿಗೆ, ರಾಜನ ದ್ವೇಷಕ್ಕೆ ಗುರಿಯಾದವರಿಗೆ ಚಿಕಿತ್ಸೆ ಮಾಡಕೂಡದೆಂಬ ಕಟ್ಟಳೆಯೂ ಸೇರಿಕೊಂಡಿದೆ. ಸುಶ್ರುತನು ಬಡವರು, ಅನಾಥರು, ದೂರದಿಂದ ಬಂದವರನ್ನು ಬಂಧುಗಳಂತೆ ಉಪಚರಿಸಲು ಹೇಳಿ, ಅದೇ ಉಸಿರಿನಲ್ಲಿ ಬೇಡರನ್ನೂ ಹಕ್ಕಿ ಹಿಡಿಯುವವರನ್ನೂ ಪತಿತರನ್ನೂ ಹೊರಗಿಡುತ್ತಾನೆ. ಶ್ರೀರುದ್ರದ ಶಿವ ಯಾರ ರೂಪದಲ್ಲಿ ಪೂಜೆಗೊಳ್ಳುತ್ತಾನೋ ಅವರಲ್ಲೇ ಕೆಲವರಿಗೆ ಶಾಸ್ತ್ರದ ವೈದ್ಯ ಬಾಗಿಲು ಮುಚ್ಚುತ್ತಾನೆ. ಎಂದರೆ ವೈದ್ಯನ ಬದಿಯಲ್ಲಿ ರಾಜಕಾರಣ ಮೊದಲಿಂದಲೂ ಕೂತಿತ್ತು.

ಇದಕ್ಕೆ ಬೇರೆ ದಾರಿಯನ್ನು ತೋರಿಸಿದವರು ಶ್ರಮಣರು, ಎಂದರೆ ಬೌದ್ಧರು ಮತ್ತು ಜೈನರು. ಭೇದಿಯಿಂದ ಬಳಲಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧನೂ ಆನಂದನೂ ಸ್ವತಃ ತೊಳೆದ ಪ್ರಸಂಗ ವಿನಯಪಿಟಕದಲ್ಲಿ ಬರುತ್ತದೆ. ಜೈನರು ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ದಾನಗಳಲ್ಲಿ ಒಂದಾಗಿ ಎಣಿಸಿದರು; ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಜೈನ ಮುನಿ ಉಗ್ರಾದಿತ್ಯನು ಮಾಂಸವಿಲ್ಲದ ಚಿಕಿತ್ಸೆಯ ಪರವಾಗಿ ವಾದಿಸಿದವನು. ಕರಾವಳಿಯ ಮಟ್ಟಿಗೆ ಇನ್ನೂ ಹತ್ತಿರದ ಚಿಂತನೆ ಉಡುಪಿಯ ಮಧ್ವಾಚಾರ್ಯರದು. ಅವರ ಗೀತಾವ್ಯಾಖ್ಯಾನದಲ್ಲಿ ನಾನಾ ಜನರ ಶುಶ್ರೂಷೆಯನ್ನು ಪ್ರಜೆ ರಾಜನಿಗೆ ಸಲ್ಲಿಸುವ ಕರದಂತೆ ಸಲ್ಲಿಸಬೇಕೆಂಬ ಮಾತಿದೆ. ಇಲ್ಲಿ ರಾಜನೆಂದರೆ ಜಗದೊಡೆಯನಾದ ವಿಷ್ಣು. ಈ ವಿಚಾರದ ಬಿಗಿ ಗಮನಿಸತಕ್ಕದ್ದು. ಕರ ಕಟ್ಟುವವನು ಯಾರಿಗೂ ಉಪಕಾರ ಮಾಡುತ್ತಿಲ್ಲ, ಆದ್ದರಿಂದ ಅವನಿಗೆ ಕೃತಜ್ಞತೆಯನ್ನು ಅಪೇಕ್ಷಿಸುವ ಹಕ್ಕೂ ಇಲ್ಲ. ಸೇವೆಯನ್ನು ಮುಂದಿಟ್ಟು ಮತ ಕೇಳುವ ರಾಜಕಾರಣಕ್ಕೆ ಇದಕ್ಕಿಂತ ಇಕ್ಕಟ್ಟಿನ ಸಿದ್ಧಾಂತ ಸಿಗುವುದು ಕಷ್ಟ.

ಹಳ್ಳಿಯ ವೈದ್ಯನ ದಿನಚರಿ ಈ ಸಿದ್ಧಾಂತಗಳಿಂದ ದೂರವಿತ್ತು. ಸೇತುವೆಗಳು ಬರುವ ಮುನ್ನ ಗಂಗೊಳ್ಳಿಯ ಬಳಿ ಸಮುದ್ರ ಸೇರುವ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳನ್ನು ದೋಣಿಯಲ್ಲಿ ದಾಟಿಯೇ ಕುಂದಾಪುರದ ಆಸ್ಪತ್ರೆ ಮುಟ್ಟಬೇಕಾಗಿದ್ದ ಕಾಲದಲ್ಲಿ, ನಾವುಂದ, ಕಿರಿಮಂಜೇಶ್ವರ, ಉಪ್ಪುಂದದಂಥ ಊರುಗಳಲ್ಲಿ ನಾಟಿವೈದ್ಯನ ಬೇರುಮದ್ದು, ದೈವದ ಪಾತ್ರಿಯ ನುಡಿ ಮತ್ತು ಡಾಕ್ಟರರ ಮಿಕ್ಸ್ಚರ್ ಒಂದೇ ಕಾಯಿಲೆಗೆ ಒಟ್ಟೊಟ್ಟಿಗೆ ನಡೆಯುತ್ತಿದ್ದವು. ಮಿಕ್ಸ್ಚರಿಗೆ ಬಾಟ್ಲಿಯನ್ನು ಮನೆಯಿಂದಲೇ ತರಬೇಕು. ಕಂಪೌಂಡರ್ ಕಾಗದದ ಪಟ್ಟಿಯೊಂದನ್ನು ಮಡಚಿ, ಅಂಚನ್ನು ಕತ್ತರಿಸಿ, ಬಾಟ್ಲಿಯ ಮೈಗೆ ಅಂಟಿಸಿದರೆ ಆ ಕಚ್ಚುಗಳೇ ಹೊತ್ತುಹೊತ್ತಿನ ಪ್ರಮಾಣದ ಗುರುತು, ಅಕ್ಷರ ಬಾರದವರೂ ಅದನ್ನು ನೋಡಿ ಮದ್ದು ಕುಡಿಯಬಹುದಿತ್ತು. ದಲಿತ ರೋಗಿ ಅಂಗಳದಲ್ಲೇ ಕಾಯಬೇಕಾಗಿದ್ದ ಕಾಲವೂ ಅದೇ. ಆದರೆ ಎಲ್ಲಿ ಕಾದರೂ ನಾಡಿ ನೋಡಲು ಕೈ ಹಿಡಿಯಲೇಬೇಕು, ಗಂಟಲು ನೋಡಲು ಬಾಯಿ ತೆರೆಸಲೇಬೇಕು. ಸಮಾಜಸುಧಾರಣೆಯ ಯಾವ ಸಂಕಲ್ಪವೂ ಇಲ್ಲದ ವೈದ್ಯನಿಂದಲೂ ಕಸುಬು ಈ ಸ್ಪರ್ಶವನ್ನು ಮಾಡಿಸುತ್ತಿತ್ತು. ಮೀನುಗಾರರಾದ ಖಾರ್ವಿಯವರ ಕೇರಿಯಲ್ಲಿ ಕಾಲರಾ ಹಬ್ಬಿದಾಗ ಬಾವಿಯ ನೀರೇ ಕಾರಣವೆಂದು ಕಂಡುಕೊಂಡ ವೈದ್ಯ ಮಿಕ್ಸ್ಚರ್ ಕೊಟ್ಟು ಸುಮ್ಮನಿರುವುದು ಹೇಗೆ ಎಂಬ ಪ್ರಶ್ನೆಯಿಂದ ವೈದ್ಯನ ರಾಜಕಾರಣ ಹುಟ್ಟುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಷೊ 1848ರಲ್ಲಿ ಸೈಲೀಷಿಯಾ ಪ್ರಾಂತದ ಟೈಫಸ್ ಜ್ವರದ ಕಾರಣ ಹುಡುಕಲು ಹೋಗಿ ಬಡತನ, ಶಿಕ್ಷಣದ ಕೊರತೆ ಮತ್ತು ದುರಾಡಳಿತವನ್ನು ಕಾರಣಗಳೆಂದು ವರದಿ ಮಾಡಿದ್ದೂ, ಮುಂದೆ ಸಂಸತ್ತಿನ ಸದಸ್ಯನಾದದ್ದೂ ಈ ಪ್ರಶ್ನೆಯ ದಾರಿಯಲ್ಲೇ.

ಕನ್ನಡನಾಡಿನಲ್ಲಿ ಈ ದಾರಿಯನ್ನು ದೇಶದ ಮಟ್ಟದವರೆಗೆ ನಡೆದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. 1889ರಲ್ಲಿ ಧಾರವಾಡ ಸೀಮೆಯಲ್ಲಿ ಹುಟ್ಟಿ, ಕೋಲ್ಕತ್ತದಲ್ಲಿ ವೈದ್ಯಶಿಕ್ಷಣ ಪಡೆದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿದ ಅವರು, ಅಲ್ಲಿ ಲಾಲಾ ಲಜಪತ ರಾಯರ ಹೋಮ್ ರೂಲ್ ಚಟುವಟಿಕೆಗಳಲ್ಲಿ ತೊಡಗಿ, 1921ರಲ್ಲಿ ಮರಳಿ ಹುಬ್ಬಳ್ಳಿಯಲ್ಲಿ ನೆಲೆನಿಂತರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹಲವರು ಕ್ಷಮೆ ಕೇಳಿ ಹೊರಬಂದಾಗ ಹರ್ಡೀಕರರ ಹುಬ್ಬಳ್ಳಿಯ ತಂಡ ಜಗ್ಗಲಿಲ್ಲ. ಆ ಬಿಗಿಯನ್ನು ಕಂಡು ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹರ್ಡೀಕರರ ನೇತೃತ್ವದಲ್ಲಿ ಹಿಂದುಸ್ತಾನಿ ಸೇವಾದಳವೆಂಬ ಸ್ವಯಂಸೇವಕರ ಸಂಘಟನೆ ರೂಪುಗೊಂಡಿತು. ಕವಾಯತು, ಸಮವಸ್ತ್ರ, ಶಿಬಿರಗಳ ಈ ದಳ ಅಹಿಂಸೆಗೆ ಹೊಂದುತ್ತದೆಯೇ ಎಂಬ ಸಂಶಯ ಕಾಂಗ್ರೆಸಿನೊಳಗೇ ಇತ್ತು. ಕೋಲ್ಕತ್ತದಲ್ಲೇ ವೈದ್ಯಶಿಕ್ಷಣ ಪಡೆದು, ವೃತ್ತಿಯನ್ನು ಹಿಡಿಯದೆ, 1925ರಲ್ಲಿ ನಾಗಪುರದಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು ಆರಂಭಿಸಿದ ಡಾ. ಕೇಶವ ಬಲಿರಾಮ ಹೆಡಗೇವಾರರನ್ನು ಹರ್ಡೀಕರರ ಪಕ್ಕಕ್ಕಿಟ್ಟು ನೋಡಿದರೆ, ಒಂದೇ ಊರಿನಲ್ಲಿ ಮದ್ದಿನ ವಿದ್ಯೆ ಕಲಿತ ಇಬ್ಬರೂ ದೇಶದ ದೇಹಕ್ಕೆ ವ್ಯಾಯಾಮ ಬೇಕೆಂಬ ತೀರ್ಮಾನಕ್ಕೆ ಬಂದದ್ದು ಕಾಣುತ್ತದೆ. ದೇಹ ಯಾರದ್ದು ಎಂಬಲ್ಲಿ ಇಬ್ಬರ ದಾರಿ ಬೇರೆಯಾಯಿತು: ಒಬ್ಬರು ಕಾಂಗ್ರೆಸಿನ ಎಲ್ಲ ಮತಧರ್ಮದವರ ದಳವನ್ನು ಕಟ್ಟಿದರೆ ಇನ್ನೊಬ್ಬರು ಹಿಂದೂ ಸಮಾಜವನ್ನು ಸಂಘಟಿಸಲು ಹೊರಟರು.

ಹರ್ಡೀಕರರ ಬದುಕಿನಲ್ಲಿ ಈ ಪ್ರಬಂಧದ ದೃಷ್ಟಿಯಿಂದ ಮುಖ್ಯವಾದದ್ದು ಕವಾಯತಲ್ಲ, 1924ರ ಡಿಸೆಂಬರಿನ ಬೆಳಗಾವಿ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. 1909ರ ಹಿಂದ್ ಸ್ವರಾಜ್‌ನಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದ್ದ, ಮನುಷ್ಯ ತನ್ನ ಅತಿರೇಕದ ಫಲವನ್ನು ಅನುಭವಿಸದಂತೆ ವೈದ್ಯ ತಡೆಯುತ್ತಾನೆಂದು ದೂರಿದ್ದ ಗಾಂಧೀಜಿ, ಅದೇ 1924ರ ಜನವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಸರ್ಜನ್ ಒಬ್ಬರಿಂದ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಸಿದ್ಧಾಂತಕ್ಕೆ ದೇಹ ಕೊಟ್ಟ ಉತ್ತರವಿದು ಎನ್ನಬಹುದು. ಬೆಳಗಾವಿಯಲ್ಲಿ ಸಾವಿರಾರು ಪ್ರತಿನಿಧಿಗಳ ಶಿಬಿರದ ವ್ಯವಸ್ಥೆಗೆ ಸೇವಾದಳದವರು ನಿಂತರು, ಕಕ್ಕಸು ಶುಚಿಗೊಳಿಸುವ ಕೆಲಸವನ್ನೂ ಸ್ವಯಂಸೇವಕರೇ ವಹಿಸಿಕೊಂಡರು. ಮನುಸ್ಮೃತಿ ವೈದ್ಯನ ಅನ್ನಕ್ಕೆ ಹೇಸಿದ ಕಾರಣಕ್ಕೇ ಹುಟ್ಟಿನಿಂದ ಮಲ ಹೊರುವವನೆಂದು ಗುರುತಿಸಲ್ಪಟ್ಟವನ ನೆರಳಿಗೂ ಈ ಸಮಾಜ ಹೇಸುತ್ತಿತ್ತು. ಆ ಕೆಲಸ ಓದುಬರಹ ಬಲ್ಲವರ ಕೈಗೆ ಬಂದದ್ದು ಕೆಲವು ದಿನಗಳ ಮಟ್ಟಿಗಷ್ಟೇ ಎಂಬುದೂ ನಿಜ. ಅಧಿವೇಶನ ಮುಗಿದ ಮೇಲೆ ಬೆಳಗಾವಿಯ ಕಕ್ಕಸುಗಳು ಮತ್ತೆ ಹಳೆಯ ಕೈಗಳಿಗೇ ಹೋದವು.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಹರ್ಡೀಕರರು 1929ರಲ್ಲಿ ಜೊತೆಗಾರ ವೈದ್ಯರೊಂದಿಗೆ ಘಟಪ್ರಭೆಯಲ್ಲಿ ಆರೋಗ್ಯಧಾಮವನ್ನು ಕಟ್ಟಿದರು, 1931ರಲ್ಲಿ ಸೇವಾದಳ ಕಾಂಗ್ರೆಸಿನ ನೇರ ಅಂಗವಾಯಿತು, 1932ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು, 1952ರಿಂದ 1962ರವರೆಗೆ ಅವರು ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣ ಬಂತು, 1975ರಲ್ಲಿ ತೀರಿಕೊಂಡರು. ದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದವರು ಕರಾವಳಿಯ ಮನೆತನದ ಹೆಸರನ್ನು ಹೊತ್ತ ಉಮಾಬಾಯಿ ಕುಂದಾಪುರ. ಮಂಗಳೂರಿನಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಭಗಿನೀ ಮಂಡಳವನ್ನು ಕಟ್ಟಿದ ಆಕೆ 1932ರಲ್ಲಿ ಜೈಲಿಗೆ ಹೋದರು, 1934ರ ಬಿಹಾರ ಭೂಕಂಪದ ಸಂತ್ರಸ್ತರ ಶುಶ್ರೂಷೆಗೆ ಸ್ವಯಂಸೇವಕರೊಂದಿಗೆ ನಿಂತರು, ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರವನ್ನಾಗಲಿ ಪಿಂಚಣಿಯನ್ನಾಗಲಿ ಬಯಸಲಿಲ್ಲ. ವೈದ್ಯ ಪದವಿ ಇದ್ದವರು ಹರ್ಡೀಕರ್. ಮಧ್ವರು ಹೇಳಿದ ಕರದ ಲೆಕ್ಕಕ್ಕೆ ಹೆಚ್ಚು ಹತ್ತಿರ ಬಂದವರು ಉಮಾಬಾಯಿ.

ಕರಾವಳಿಯಲ್ಲೇ ನಡೆದ ಇನ್ನೊಂದು ಉದಾಹರಣೆ ಡಾ. ವಿ. ಎಸ್. ಆಚಾರ್ಯರದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿ ಉಡುಪಿಯಲ್ಲಿ ವೃತ್ತಿ ಮಾಡುತ್ತಿದ್ದ ಅವರು 1968ರಲ್ಲಿ ಜನಸಂಘದಿಂದ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಆ ಆಡಳಿತದ ನೆನಪು ಕುಡಿಯುವ ನೀರು, ಒಳಚರಂಡಿ ಮತ್ತು ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿವಾರಣೆ ಎಂಬ ಮೂರು ಸಂಗತಿಗಳಿಗೆ ಅಂಟಿಕೊಂಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯ ಊರಿನಲ್ಲಿ ಮಲದ ಬಕೆಟನ್ನು ತಲೆಯ ಮೇಲೆ ಹೊತ್ತು ನಡೆಯುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ನೀರು ತುಂಬಿದಷ್ಟೂ ಅದು ಹೆಗಲ ಮೇಲೆ, ಮುಖದ ಮೇಲೆ ಇಳಿಯುತ್ತದೆ. ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಈ ಪದ್ಧತಿಯನ್ನು ರಾಜ್ಯದಾದ್ಯಂತ ನಿಷೇಧಿಸಿದರು, ಕೇಂದ್ರದ ಕಾಯ್ದೆ ಬರಲು 1993ರವರೆಗೆ ಕಾಯಬೇಕಾಯಿತು. ಅಷ್ಟಮಠಗಳ ಊರಿನಲ್ಲಿ, ಮಡಿಯ ಲೆಕ್ಕಾಚಾರ ಅಷ್ಟು ಸೂಕ್ಷ್ಮವಾಗಿರುವ ಕಡೆ, ಬ್ರಾಹ್ಮಣ ಕುಲದ ವೈದ್ಯರೊಬ್ಬರು ಪುರಸಭೆಯ ಮೇಜಿನ ಮೇಲೆ ಮಲದ ಬಕೆಟಿನ ವಿಷಯವನ್ನು ಎತ್ತಿಕೊಂಡದ್ದನ್ನು ತೈತ್ತಿರೀಯ ಕಥೆಯ ಎದುರು ಇಟ್ಟು ಓದಬೇಕು. ಅಶ್ವಿನಿಯರಿಗೆ ಪಾಲು ಸಿಕ್ಕಿದ್ದು ಅವರನ್ನು ಶುದ್ಧಿಮಾಡಿದ ಮೇಲೆ. ಇಲ್ಲಿ ಶುದ್ಧಿಯ ಪ್ರಶ್ನೆಯನ್ನೇ ಬದಿಗಿಟ್ಟು ಬಕೆಟನ್ನು ತೆಗೆಯಲಾಯಿತು.

ಆಚಾರ್ಯರು ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದರು, 1983ರಲ್ಲಿ ಶಾಸಕರಾದರು, 2008ರಲ್ಲಿ ರಾಜ್ಯದ ಗೃಹಸಚಿವರಾದರು, ಉನ್ನತ ಶಿಕ್ಷಣ ಸಚಿವರಾಗಿದ್ದಾಗ 2012ರ ಫೆಬ್ರುವರಿ 14ರಂದು ನಿಧನರಾದರು. ಅವರು ಗೃಹಸಚಿವರಾಗಿದ್ದ 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಗಳು ನಡೆದವು, ಪೊಲೀಸರ ನಡವಳಿಕೆ ಟೀಕೆಗೆ ಗುರಿಯಾಯಿತು, ಸರ್ಕಾರ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವನ್ನು ನೇಮಿಸಿತು. ಆ ಘಟನೆಗಳ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬುದು ಇಲ್ಲಿನ ವಿಚಾರವಲ್ಲ. ಆದರೆ ಪುರಸಭೆಯ ಆಚಾರ್ಯರನ್ನು ಕುರಿತು ಉಡುಪಿಯಲ್ಲಿ ವಿರೋಧ ಪಕ್ಷದವರೂ ಗೌರವದಿಂದ ಮಾತನಾಡುವುದು, ಗೃಹಸಚಿವರನ್ನು ಕುರಿತ ಮಾತು ಮಾತ್ರ ಪಕ್ಷಪಂಗಡದ ಗೆರೆಗಳಲ್ಲೇ ಒಡೆಯುವುದು ಗಮನಾರ್ಹ. ಒಳಚರಂಡಿ ಯಾರ ಮನೆಯದೆಂದು ಕೇಳುವುದಿಲ್ಲ. ಗೃಹಖಾತೆಯಲ್ಲಿ ದೂರು ಕೊಟ್ಟವನು ಯಾರು, ಆರೋಪಿ ಯಾರು ಎಂಬ ಪ್ರಶ್ನೆ ಕಡತ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತದೆ. ರಾಜಕಾರಣಕ್ಕೂ ತನ್ನದೇ ಮಡಿಯಿದೆ. ನಮ್ಮವರು ಯಾರು, ಯಾರ ಜೊತೆ ಕಾಣಿಸಿಕೊಳ್ಳಬಾರದು, ಯಾರ ಅನ್ನ ಉಣ್ಣಬಾರದು ಎಂಬ ವಿಧಿನಿಷೇಧಗಳು ಅಲ್ಲಿ ಸ್ಮೃತಿಗಳಿಗಿಂತ ಸಡಿಲವಾಗಿಲ್ಲ. ಮೇಲಿನ ಹುದ್ದೆಗೆ ಏರಿದಂತೆಲ್ಲ ಈ ಮಡಿ ಬಿಗಿಯಾಗುವುದರಿಂದ ವೈದ್ಯನು ಕಸುಬಿನಿಂದ ಪಡೆದ ಮೈಲಿಗೆ ತೊಳೆದುಹೋಗುವ ಸಂಭವ ದೊಡ್ಡ ಪದವಿಯಲ್ಲೇ ಹೆಚ್ಚು.

ರಾಜಕಾರಣದ ಈ ಮಡಿ ಒಂದು ತೊಡಕಾದರೆ, ಎರಡನೆಯ ತೊಡಕು ಚರಕನು ಹೇಳಿದ ಉಪೇಕ್ಷೆಯದು. ಇದು ನನ್ನಿಂದಾಗದು ಎಂದು ಹೇಳಿದ ವೈದ್ಯನ ಮೇಲೆ ರೋಗಿಯ ಮನೆಯವರಿಗೆ ನಂಬಿಕೆ ಹೆಚ್ಚುತ್ತದೆ. ಅಸಾಧ್ಯ ರೋಗಕ್ಕೆ ಕೈಹಾಕಿದವನು ಹಣ, ವಿದ್ಯೆ, ಕೀರ್ತಿ ಮೂರನ್ನೂ ಕಳೆದುಕೊಳ್ಳುತ್ತಾನೆಂದು ಸಂಹಿತೆಯೇ ಎಚ್ಚರಿಸುತ್ತದೆ. ಚುನಾವಣಾ ಪ್ರಣಾಳಿಕೆಯಲ್ಲಿ ಅಸಾಧ್ಯ ಎಂಬ ಅಧ್ಯಾಯವೇ ಇಲ್ಲ. ಇದನ್ನು ಅರಿತೋ ಅರಿಯದೆಯೋ ಕೆಲವು ವೈದ್ಯರು ಬೇರೆ ಮಾರ್ಗ ಹಿಡಿದರು. ಮಚಲೀಪಟ್ಟಣದಲ್ಲಿ ವೈದ್ಯರಾಗಿದ್ದ ಪಟ್ಟಾಭಿ ಸೀತಾರಾಮಯ್ಯನವರು 1948ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗುವ ಎಷ್ಟೋ ಮೊದಲು, 1923ರಲ್ಲಿ, ಆಂಧ್ರ ಬ್ಯಾಂಕನ್ನು ಕಟ್ಟಿದ್ದರು. ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈಗಳು ಜೊತೆಗಾರರೊಂದಿಗೆ 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯನ್ನು ಆರಂಭಿಸಿ, 1928ರಿಂದ ಪಿಗ್ಮಿ ಠೇವಣಿಯ ಹೆಸರಿನಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಕ್ರಮ ತಂದರು. ಅಲ್ಲಿ ಯಾವ ಭರವಸೆಯನ್ನೂ ಬಾಯಲ್ಲಿ ಹೇಳಬೇಕಾಗಿರಲಿಲ್ಲ; ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ಸಾಕಿತ್ತು.

ಇಷ್ಟಾದರೂ ವೈದ್ಯ ರಾಜಕಾರಣದಿಂದ ದೂರ ಉಳಿದಿದ್ದರೆ ಅವನ ಧರ್ಮ ಅಕ್ಷತವಾಗಿ ಉಳಿಯುತ್ತಿತ್ತೆಂದು ಹೇಳಲು ಬರುವುದಿಲ್ಲ. ರಾಜನ ವೈರಿಗೆ ಮದ್ದು ಕೊಡಬೇಡವೆಂದ ದೀಕ್ಷಾನಿಯಮವನ್ನು ಅಳಿಸಿದ್ದು ವೈದ್ಯರ ಕರುಣೆಯೊಂದೇ ಅಲ್ಲ. ಗಾಯಗೊಂಡ ಶತ್ರುಸೈನಿಕನಿಗೂ ಚಿಕಿತ್ಸೆ ಸಲ್ಲಬೇಕೆಂಬ ಕಟ್ಟಳೆ 1864ರ ಜಿನೀವಾ ಒಪ್ಪಂದದಿಂದ ಬಂತು, ಅದಕ್ಕೆ ಸಹಿ ಹಾಕಿದ್ದು ಸರ್ಕಾರಗಳ ಪ್ರತಿನಿಧಿಗಳು. ಅಸ್ಪೃಶ್ಯ ರೋಗಿಯನ್ನು ಅಂಗಳದಿಂದ ಬೆಂಚಿಗೆ ತಂದದ್ದರಲ್ಲಿ ಸಂವಿಧಾನದ 17ನೆಯ ವಿಧಿಯ ಪಾಲು ದೊಡ್ಡದು. ಬಕೆಟು ತಲೆಯಿಂದ ಇಳಿದರೂ ಮ್ಯಾನ್‌ಹೋಲಿಗೆ ಇಳಿಯುವ ಮನುಷ್ಯ ಹೆಚ್ಚಾಗಿ ಅದೇ ಕೇರಿಯವನಾಗಿರುವಾಗ, 2014ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನಿಗದಿಮಾಡಿ, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವಿಗೆ ಬೆಲೆ ಕಟ್ಟುವುದು ನ್ಯಾಯಾಲಯಕ್ಕೆ ಸಾಧ್ಯ. ಮ್ಯಾನ್‌ಹೋಲಿಗೆ ಮನುಷ್ಯನ ಬದಲು ಯಂತ್ರ ಇಳಿಯುವಂತೆ ನೋಡಿಕೊಳ್ಳುವ ಅಧಿಕಾರ ಇರುವುದು, 1968ರಲ್ಲಿ ಇದ್ದಂತೆಯೇ, ಪುರಸಭೆಯ ಮೇಜಿನ ಮೇಲೆ.